ಬರಿಗೈಯಲ್ಲಿ ತಿರುಗಿ ಬರುವ ವಿಷಯ

ಮನುಷ್ಯನು ದುಡಿಯುವಾಗ ಹೇಗೆ ನಡಕೊಳ್ಳತಕ್ಕದ್ದೆಂಬ ವಿಷಯವಾಗಿ ಬೋಧಕರು ಬಹಳವಾಗಿ ಹೇಳಿರುತ್ತಾರೆ. ಆದರೆ ಅವನು ದುಡಿಮೆಯನ್ನು ಬಿಟ್ಟು ವಿನೋದಕ್ಕಾಗಿ ಕೂತಿರುವಾಗ ಅವನ ಮನಸ್ಸು ಎಂಥಾದ್ದೆಂದು ವಿಚಾರಿಸುವವರು ಕಡಿಮೆ. ಕೆಲಸದಲ್ಲಿ ಯಜಮಾನನ ಭಯವಾಗಲಿ ಕೂಲಿಯ ಆಶೆಯಾಗಲಿ ಮನುಷ್ಯನನ್ನು ಹದ್ದಿನಲ್ಲಿ ಇಡುತ್ತದೆ. ಆಟದಲ್ಲಿ ಅವನನ್ನು ಹಿಡಿಯುವವರಿಲ್ಲ. ಆದಕಾರಣ ಒಬ್ಬನ ಗುಣವನ್ನು ತಿಳಿಯಬೇಕಾದರೆ ಅವನ ವಿನೋದವನ್ನು ನೋಡುವದು ಒಳ್ಳೇದು. ಈ ಸಾರಿ ನಾವು ಬಹು ಚಿಕ್ಕದಾದ ಒಂದು ವಿನೋದವನ್ನು ಎತ್ತಿಕೊಂಡು ವಿಚಾರಿಸುತ್ತೇವೆ. ಅದು ಯಾವದಂದರೆ, ಮನೆಯವರ ಮತ್ತು ಸ್ನೇಹಿತರ ಸಂಗಡ ಕೆರೆಯ ದಡದಲ್ಲಿ ಕೂತು ಗಾಳ ಹಾಕಿ ಮೀನು ಹಿಡಿಯುವದು. ಇದರಲ್ಲಿ ಎರಡು ಪ್ರಶ್ನೆಗಳುಂಟು. ಒಂದು ಜೀವವನ್ನು ಹಿಡಿಯುವದರಲ್ಲಿ ಸಂತೋಷಪಡುವದು ನ್ಯಾಯವೋ? ನ್ಯಾಯವಾದರೆ, ಏನೂ ಸಿಕ್ಕದೆ ಬರಿಗೈಯಲ್ಲಿ ತಿರುಗಿ ಬರುವ ದಿವಸ ನಮ್ಮ ಮನಸ್ಸು ಹೇಗಿರತಕ್ಕದ್ದು? ಎರಡನೇ ಪ್ರಶ್ನೆಯು ಮೊದಲನೆಯದಕ್ಕಿಂತ ಹಗುರವೆಂದು ಕೆಲವರು ಎಣಿಸಾರು. ನಮ್ಮ ಅಭಿಪ್ರಾಯದಲ್ಲಿ ಅದೇ ಹೆಚ್ಚು ಭಾರವಾದದ್ದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಸೀಮೆಯು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹೆಸರು ಬದಲಾದರೂ ನೀರಿನ ಸಂಗತಿಯು ಬದಲಾಗಲಿಲ್ಲ. ಹರಪನಹಳ್ಳಿಗೂ ಹಡಗಲಿಗೂ ಪಡುವಣ ಅಂಚಿನಲ್ಲಿ ತುಂಗಭದ್ರೆಯ ಹರಿವು ಉಂಟು. ಹಗರಿಬೊಮ್ಮನಹಳ್ಳಿಯವರಿಗೆ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಊರುಗಳ ಹತ್ತಿರದ ವರೆಗೂ ಬರುತ್ತದೆ. ಹಗರಿ ಹಳ್ಳಕ್ಕೆ ಕಟ್ಟಿದ ಮಾಲವಿಯ ಜಲಾಶಯವೂ ಉಂಟು. ಕೂಡ್ಲಿಗಿ ಕೊಟ್ಟೂರುಗಳಿಗಾದರೋ ಬಹುಮಟ್ಟಿಗೆ ಮಳೆಯನ್ನು ನಂಬಿದ ಕೆರೆಗಳೇ ಗತಿ. ಒಂದು ವರುಷ ಕೋಡಿ ಬೀಳುತ್ತದೆ. ಮುಂದೆ ಎರಡು ವರುಷ ಕೆರೆಯ ಅಂಗಳದಲ್ಲಿ ಕುರಿಗಳು ಮೇಯುತ್ತವೆ. ಇಂಥ ಸೀಮೆಯಲ್ಲಿ ನೀರನ್ನು ಕಾಣುವದೇ ಒಂದು ಹಬ್ಬ. ಆದಕಾರಣ ಕೆರೆ ತುಂಬಿದ ವರುಷ ಹುಡುಗರು ಕೋಲು ಕಡಿದು ದಾರ ಕಟ್ಟಿ ಏರಿಯ ಕಡೆಗೆ ಓಡುವದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ವಿನೋದದ ಸುಖವನ್ನು ಮೊದಲು ಹೇಳೋಣ. ಹೊರಡುವ ಮುಂಚೆಯೇ ಅದು ಆರಂಭವಾಗುತ್ತದೆ. ಮಕ್ಕಳು ತಿಪ್ಪೆಯ ಅಂಚನ್ನು ಕೆದಕಿ ಎರೆಹುಳುಗಳನ್ನು ತೆಂಗಿನ ಚಿಪ್ಪಿನಲ್ಲಿ ಕೂಡಿಸುತ್ತಾರೆ. ಮನೆಯವಳು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಪಲ್ಯ, ಇಷ್ಟನ್ನು ಬಟ್ಟೆಯಲ್ಲಿ ಕಟ್ಟುತ್ತಾಳೆ. ಅಜ್ಜನು ಒಣಗಿದ ಜೋಳದ ದಂಟನ್ನು ಸುಲಿದು ಒಳಗಿನ ಬೆಂಡನ್ನು ತುಂಡುಮಾಡಿ ದಾರಕ್ಕೆ ಕಟ್ಟುತ್ತಾನೆ. ಅಂಗಡಿಯಲ್ಲಿ ಬಣ್ಣಬಣ್ಣದ ಬೆಂಡುಗಳು ಸಿಕ್ಕಿದರೂ ಅಜ್ಜನ ಬೆಂಡೇ ಚೆನ್ನಾಗಿ ತೇಲುತ್ತದೆಂದು ಮೊಮ್ಮಕ್ಕಳು ವಾದಿಸುತ್ತಾರೆ. ದಡಕ್ಕೆ ಹೋದ ಮೇಲೆ ಎಲ್ಲರೂ ಸಮಾನರು. ಓದಿದವನಿಗೂ ಓದದವನಿಗೂ, ಹೊಲವುಳ್ಳವನಿಗೂ ಕೂಲಿಯವನಿಗೂ ಮೀನು ಒಂದೇ ತೆರವಾಗಿ ಬರುತ್ತದೆ ಅಥವಾ ಬಾರದೆ ಇರುತ್ತದೆ. ಇದಲ್ಲದೆ, ಮನೆಯಲ್ಲಿ ಬಾಯಿಗೆ ಬಾರದ ಮಾತುಗಳು ನೀರಿನ ದಡದಲ್ಲಿ ಬರುತ್ತವೆ. ಬೆಳೆದ ಮಗನನ್ನು ಎದುರಿಗೆ ಕೂಡಿಸಿಕೊಂಡು ತಂದೆ ಪ್ರಶ್ನೆ ಮಾಡಿದರೆ ಮಗನು ತಲೆ ತಗ್ಗಿಸುತ್ತಾನೆ; ಇಬ್ಬರೂ ಪಕ್ಕದಲ್ಲಿ ಕೂತು ಬೆಂಡಿನ ಮೇಲೆ ಕಣ್ಣಿಟ್ಟಿರುವಾಗ ಅದೇ ಮಗನು ತಾನಾಗಿ ಮಾತಾಡುತ್ತಾನೆ. ಇದನ್ನು ನಾವು ಅನೇಕ ಕುಟುಂಬಗಳಲ್ಲಿ ಕಂಡಿದ್ದೇವೆ.

ಈ ವಿನೋದದಲ್ಲಿ ಬುದ್ಧಿಗೂ ಕೆಲಸವುಂಟು. ನಮ್ಮ ಕೆರೆಗಳಲ್ಲಿರುವ ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿರುವದರಿಂದ ಅದು ಮೇಲುನೀರಿನಲ್ಲಿ ಮೇಯುತ್ತದೆ; ರೋಹು ನಡುನೀರಿನಲ್ಲಿಯೂ ಮೃಗಾಲ್ ತಳದಲ್ಲಿಯೂ ಮೇಯುತ್ತವೆ. ಬೆಂಡಿಗೂ ಗಾಳಕ್ಕೂ ನಡುವೆ ಎಷ್ಟು ದಾರ ಬಿಡಬೇಕೆಂಬದು ಇದನ್ನು ತಿಳಿದವನಿಗೆ ಗೊತ್ತಾಗುತ್ತದೆ. ಬೇಸಿಗೆಯ ನಡುಮಧ್ಯಾಹ್ನದಲ್ಲಿ ಕಾದ ನೀರಿನೊಳಗೆ ಉಸಿರಿಗೆ ಬೇಕಾದ ಗಾಳಿಯು ಕಡಿಮೆಯಾಗುವದರಿಂದ ಮೀನುಗಳು ಸಾಮಾನ್ಯವಾಗಿ ಮಂದವಾಗುತ್ತವೆ; ಬೆಳಗಿನ ಜಾವವೂ ಸಾಯಂಕಾಲವೂ ಒಳ್ಳೇ ಹೊತ್ತುಗಳು. ಇಷ್ಟನ್ನು ಒಬ್ಬ ಹುಡುಗನು ತಾನೇ ನೋಡಿ ಕಲಿತರೆ ಅವನು ಸೃಷ್ಟಿಯನ್ನು ಗಮನಿಸುವದಕ್ಕೆ ಕಲಿತಿದ್ದಾನೆ.

ಈಗ ಬೇಸರಗಳನ್ನು ಹೇಳೋಣ. ಅವು ಸುಖಗಳಿಗಿಂತ ಕಡಿಮೆಯಲ್ಲ. ದಾರವು ಗಂಟಾಗುತ್ತದೆ. ನೀರಿನಲ್ಲಿ ಮುಳುಗಿದ ಜಾಲಿಯ ಕೊಂಬೆಗೆ ಗಾಳವು ಸಿಕ್ಕಿಕೊಂಡು ದಾರವೇ ಹರಿಯುತ್ತದೆ. ಏಡಿಯು ಹುಳುವನ್ನು ಕತ್ತರಿಸಿಕೊಂಡು ಹೋಗುತ್ತದೆ. ಬೆರಳುದ್ದದ ಮೀನುಗಳು ಒಂದು ಚಿಪ್ಪಿನ ಹುಳುಗಳನ್ನೆಲ್ಲಾ ತಿಂದು ತೀರಿಸುತ್ತವೆ. ಚಿಕ್ಕ ಮಗನು ಕಲ್ಲೆಸೆಯುತ್ತಾನೆ. ಜೊತೆಗೆ ಬಂದ ಭಾವನು ಹೋದ ವರುಷ ಹಿಡಿದ ಮೀನನ್ನು ಕುರಿತು ಮೂರನೇ ಸಾರಿ ಹೇಳುತ್ತಾನೆ, ಆ ಮೀನು ಪ್ರತಿಸಾರಿಯೂ ಒಂದು ಗೇಣು ಬೆಳೆದಿರುತ್ತದೆ. ಕಡೆಗೆ ಒಂದು ದೊಡ್ಡ ಮೀನು ಕಚ್ಚಿ, ಕೋಲು ಬಾಗಿ, ಎಲ್ಲರೂ ಎದ್ದು ನಿಂತು ಕೂಗಾಡುವಷ್ಟರಲ್ಲಿ ದಾರವು ತುಂಡಾಗಿ ನೀರು ಸುಮ್ಮನಾಗುತ್ತದೆ. ಆಗ ಒಬ್ಬನು, ಅವಸರದಿಂದ ಎಳೆದದ್ದು ನಿನ್ನ ತಪ್ಪು ಎನ್ನುತ್ತಾನೆ. ಇನ್ನೊಬ್ಬನು, ಹಳೇ ದಾರ ತಂದದ್ದು ನಿನ್ನ ತಪ್ಪು ಎನ್ನುತ್ತಾನೆ. ಸಂತೋಷಕ್ಕೆಂದು ಕೂಡಿಬಂದವರು ಮಾತಿಲ್ಲದೆ ಬೇರೆ ಬೇರೆ ದಾರಿಗಳಲ್ಲಿ ಮನೆ ಸೇರುವದೂ ಉಂಟು.

ಇಲ್ಲಿ ನಾವು ಒಂದು ಭೇದವನ್ನು ಚೆನ್ನಾಗಿ ಗುರುತಿಸಬೇಕು. ಗಂಗಾಮತಸ್ಥರೂ ಬೆಸ್ತರೂ ಹರಿಗೋಲಿನಲ್ಲಿ ಕೂತು ಹಿನ್ನೀರಿನ ಮೇಲೆ ರಾತ್ರಿಯಲ್ಲಿ ಬಲೆ ಬಿಡುವದು ವಿನೋದವಲ್ಲ. ಅವರ ಬಲೆ ಬರಿದಾದರೆ ಒಲೆಯೂ ಬರಿದು. ಗಲಿಲಾಯದ ಸರೋವರದಲ್ಲಿ ರಾತ್ರಿಯೆಲ್ಲಾ ಪ್ರಯಾಸಪಟ್ಟು ಏನೂ ಸಿಕ್ಕದೆ ಬೆಳಿಗ್ಗೆ ಬಲೆ ತೊಳೆಯುತ್ತಿದ್ದವರ ಸಂಗತಿಯನ್ನು ನಮ್ಮ ಓದುಗರು ಬಲ್ಲರು. ಅವರ ದುಃಖವು ಹಸಿವಿನ ದುಃಖವಾಗಿತ್ತು. ನಮ್ಮದಾದರೋ ಹಾಗಲ್ಲ. ನಾವು ಬರಿಗೈಯಲ್ಲಿ ಬಂದರೂ ಮನೆಯಲ್ಲಿ ರೊಟ್ಟಿಯೂ ಸಾರೂ ಇದ್ದೇ ಇರುತ್ತವೆ. ಕಳಕೊಂಡದ್ದು ಒಂದು ಆಶೆ ಮಾತ್ರ. ಹೀಗಿರಲಾಗಿ ಹಸಿದವನಿಗಿಂತ ಹೆಚ್ಚಾಗಿ ನಾವು ಮುಖ ಬಾಡಿಸಿಕೊಳ್ಳುವದು ಯೋಗ್ಯವೋ? ಇದನ್ನು ಜ್ಞಾಪಕದಲ್ಲಿಟ್ಟುಕೊಂಡು ಮೊದಲನೇ ಪ್ರಶ್ನೆಗೆ ಹೋಗೋಣ.

ದಡದಲ್ಲಿ ಮೊದಲ ಮೀನು ಮಣ್ಣಿನ ಮೇಲೆ ಬಿದ್ದು ಹೊರಳುವಾಗ ಯಾವದಾದರೂ ಒಂದು ಮಗುವು, “ಅಪ್ಪಾ, ಅದಕ್ಕೆ ನೋಯುವದಿಲ್ಲವೋ?” ಎಂದು ಕೇಳುವದುಂಟು. ಅನೇಕ ತಂದೆಗಳು, “ಸುಮ್ಮನಿರು, ಮೀನಿಗೆ ನೋವು ಗೊತ್ತಾಗುವದಿಲ್ಲ” ಎಂದು ಉತ್ತರ ಕೊಡುತ್ತಾರೆ. ಈ ಉತ್ತರವು ಸುಲಭವಾದರೂ ನಿಜವೆಂದು ಹೇಳಲಿಕ್ಕಾಗದು. ಬ್ರಿಟನ್ ದೇಶದಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಟ್ರೌಟ್ ಎಂಬ ಮೀನನ್ನು ಪರೀಕ್ಷಿಸಿ, ಗಾಯವನ್ನು ತಿಳಿಸುವ ನರಗಳು ಅದರ ತಲೆಯಲ್ಲಿಯೂ ಬಾಯಿಯ ಸುತ್ತಲೂ ಇರುವದನ್ನು 2003ರಲ್ಲಿ ಪ್ರಕಟಿಸಿದರು. ಮೀನು ನಮ್ಮಂತೆಯೇ ನೋವನ್ನು ಅನುಭವಿಸುತ್ತದೋ ಎಂಬದರ ಕುರಿತು ಪಂಡಿತರಲ್ಲಿ ವಾದವುಂಟು; ಅದಕ್ಕೆ ಏನೂ ಆಗುವದಿಲ್ಲವೆಂದು ಧೈರ್ಯವಾಗಿ ಹೇಳುವ ಕಾಲವು ಹೋಯಿತು.

ಈ ಪ್ರಶ್ನೆಯನ್ನು ಕುರಿತು ನಮ್ಮ ನಾಡಿನಲ್ಲಿಯೇ ಎರಡು ನಡತೆಗಳು ಕಾಣುತ್ತವೆ. ತುಂಗಾ ನದಿಯ ದಡದಲ್ಲಿ ಶೃಂಗೇರಿಗೆ ಹೋದವರು ಅಲ್ಲಿ ದೊಡ್ಡ ದೊಡ್ಡ ಮೀನುಗಳು ಮೆಟ್ಟಲಿನ ಹತ್ತಿರಕ್ಕೆ ಬಂದು ಜನರು ಹಾಕುವ ಆಹಾರವನ್ನು ತಿನ್ನುವದನ್ನು ನೋಡುತ್ತಾರೆ. ಅಲ್ಲಿ ಅವುಗಳನ್ನು ಯಾರೂ ಹಿಡಿಯುವದಿಲ್ಲ. ಅದೇ ತುಂಗೆಯು ಕೂಡಲಿಯಲ್ಲಿ ಭದ್ರೆಯನ್ನು ಕೂಡಿ ನಮ್ಮ ಸೀಮೆಗೆ ಬಂದಾಗ ನಾವು ಅದರಲ್ಲಿ ಗಾಳವನ್ನು ಬಿಡುತ್ತೇವೆ. ಇನ್ನೊಂದು ಕಡೆ, ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸನಾದ ಮೂರನೇ ಸೋಮೇಶ್ವರನು (ಆಳಿಕೆ 1126ರಿಂದ 1138) ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವುಂಟು. ಮೀನುಗಳ ಜಾತಿಗಳು, ಅವುಗಳಿಗೆ ಹಾಕತಕ್ಕ ಆಹಾರ, ಗಾಳ ಹಾಕುವ ಕ್ರಮ, ಇವುಗಳನ್ನು ಅರಸರ ವಿನೋದಗಳಲ್ಲಿ ಒಂದಾಗಿ ಅಲ್ಲಿ ವಿವರಿಸಿದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿಯೂ ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿಯೂ ಇರುವ ಕಲ್ಲಿನ ಗುಡಿಗಳು ಆ ಅರಸು ಮನೆತನದ ಕಾಲದವುಗಳೇ. ಹೀಗೆ ಒಂದೇ ನಾಡಿನಲ್ಲಿ ಮೀನಿಗೆ ಆಹಾರವನ್ನು ಹಾಕಿ ಸಂತೋಷಪಡುವವರೂ ಆಹಾರವನ್ನು ಹಾಕಿ ಹಿಡಿದು ಸಂತೋಷಪಡುವವರೂ ಬಹು ಕಾಲದಿಂದ ಇದ್ದಾರೆ.

ಇವರಲ್ಲಿ ಯಾರ ಪಕ್ಷ ನ್ಯಾಯವಾದದ್ದು? ಹಿಡಿಯದೆ ಇರುವವನನ್ನು ನಾವು ನಿಂದಿಸಲಾರೆವು. ಹಿಡಿದು ತಿನ್ನುವವನನ್ನೂ ನಿಂದಿಸಲಾರೆವು. ಯಾಕಂದರೆ ಸಂತೆಯಲ್ಲಿ ಮೀನು ಕೊಂಡು ತಿನ್ನುವವನಿಗೆ ದಡದಲ್ಲಿ ಹಿಡಿಯುವವನನ್ನು ದೂಷಿಸುವ ಹಕ್ಕು ಎಲ್ಲಿಂದ ಬಂತು? ಕೊಂಡವನು ಮೀನಿನ ಸಾವನ್ನು ನೋಡಲಿಲ್ಲ, ಹಿಡಿದವನು ನೋಡಿದ್ದಾನೆ, ಭೇದವು ಇಷ್ಟೇ. ಆದರೆ ಒಂದು ಮಾತನ್ನು ಮುಚ್ಚಬಾರದು. ದಾರವನ್ನು ಜಗ್ಗುವ ಆ ಎಳೆತವು ನಮಗೆ ಎಷ್ಟು ಹಿತವಾಗಿದ್ದರೂ ಅದು ಮತ್ತೊಂದು ಜೀವದ ಒದ್ದಾಟವೇ. ಆದಕಾರಣ ಈ ಸಂತೋಷವು ಬಿಟ್ಟಿಯಾಗಿ ಬಂದದ್ದಲ್ಲ. ಇದರ ಮೇಲೆ ಒಂದು ಸಾಲವಿರುತ್ತದೆ. ತಿನ್ನುವಷ್ಟನ್ನೇ ಹಿಡಿಯುವದು, ಹಿಡಿದದ್ದನ್ನು ಮಣ್ಣಿನಲ್ಲಿ ಹೊರಳಾಡಗೊಡದೆ ಬೇಗನೆ ಕೊಲ್ಲುವದು, ಮರಿಯಾದರೆ ಕೈ ತೇವಮಾಡಿಕೊಂಡು ಮೆಲ್ಲಗೆ ನೀರಿಗೆ ಬಿಡುವದು, ಮೀನನ್ನು ಹಿಡಿದು ಚಿತ್ರ ತೆಗೆಯುವದಕ್ಕಾಗಿ ಅದನ್ನು ಬಹಳ ಹೊತ್ತು ಎತ್ತಿ ನಿಲ್ಲದೆ ಇರುವದು, ಇವೇ ಆ ಸಾಲವನ್ನು ತೀರಿಸುವ ಬಗೆ. ಮಗುವು ಕೇಳಿದಾಗ, “ಹೌದು ಮಗನೇ, ಅದಕ್ಕೆ ಕಷ್ಟವಾಗುತ್ತದೆ, ಆದಕಾರಣ ನಮಗೆ ಬೇಕಾದಷ್ಟೇ ಹಿಡಿಯೋಣ” ಎಂದು ಹೇಳುವ ತಂದೆಯು ಸುಳ್ಳನ್ನೂ ಹೇಳಲಿಲ್ಲ, ಊಟವನ್ನೂ ಕೆಡಿಸಲಿಲ್ಲ.

ಎರಡನೆಯ ಸಾಲವು ಮನುಷ್ಯರಿಗೆ ಸಲ್ಲತಕ್ಕದ್ದು. ಕೆರೆಯ ಮೀನು ಯಾರದ್ದೂ ಅಲ್ಲವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಕಾಟ್ಲಾ, ರೋಹು, ಮೃಗಾಲ್ ಎಂಬ ಈ ಮೂರೂ ಉತ್ತರದ ಗಂಗಾ ಸೀಮೆಯ ದೊಡ್ಡ ನದಿಗಳ ಮೀನುಗಳು. ನಿಂತ ನೀರಿನಲ್ಲಿ ಅವು ಸಾಧಾರಣವಾಗಿ ಮರಿ ಮಾಡುವದಿಲ್ಲ. 1957ರಲ್ಲಿ ಒರಿಸ್ಸಾ ಸೀಮೆಯಲ್ಲಿ ಹೀರಾಲಾಲ್ ಚೌಧುರಿ ಎಂಬವರು ಔಷಧವನ್ನು ಚುಚ್ಚಿ ಅವುಗಳನ್ನು ಮೊಟ್ಟೆಯಿಡಿಸುವ ಉಪಾಯವನ್ನು ಸಾಧಿಸಿದ ಮೇಲೆ ಮೀನುಮರಿಗಳು ದೇಶದ ಎಲ್ಲಾ ಕಡೆಗೂ ಸಿಕ್ಕಲಾರಂಭಿಸಿದವು. ಅಂದಮೇಲೆ ನಮ್ಮ ಕೆರೆಯಲ್ಲಿ ರೋಹು ಸಿಕ್ಕಿದರೆ ಯಾರೋ ಹಣ ಕೊಟ್ಟು ಮರಿಯನ್ನು ತಂದು ಬಿಟ್ಟಿದ್ದಾರೆಂದು ತಿಳಿಯಬೇಕು. ಮೀನುಗಾರರ ಸಂಘವು ಕೆರೆಯನ್ನು ಗುತ್ತಿಗೆ ಹಿಡಿದಿದ್ದರೆ ಅವರನ್ನು ಕೇಳದೆ ಗಾಳ ಹಾಕುವದು, ಬೆಳೆದ ಹೊಲದಲ್ಲಿ ಕೇಳದೆ ತೆನೆ ಮುರಿದಂತೆಯೇ. ಕೇಳಿದರೆ ಅನೇಕರು ಸಂತೋಷದಿಂದ, “ಒಂದೆರಡು ಹಿಡಕೊಳ್ಳಿರಿ” ಎನ್ನುತ್ತಾರೆ. ಬೇಡವೆಂದರೆ ಸುಮ್ಮನೆ ತಿರುಗಿ ಬರಬೇಕು. ಹಾಗೆಯೇ ಅಂಕಸಮುದ್ರದ ಕೆರೆಯು ಪಕ್ಷಿಗಳಿಗೋಸ್ಕರ ಕಾಯ್ದಿಟ್ಟ ಸ್ಥಳ. 2024ರಲ್ಲಿ ಅದನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿ ಲೋಕವೆಲ್ಲಾ ಮನ್ನಿಸತಕ್ಕ ಜಲಸ್ಥಾನವೆಂದು ಗಣಿಸಿದರು. ಅಲ್ಲಿಯ ಮೀನು ಕೊಕ್ಕರೆಗೂ ನೀರುಕಾಗೆಗೂ ಅವುಗಳ ಮರಿಗಳಿಗೂ ಸಲ್ಲತಕ್ಕ ಆಹಾರವಾದ್ದರಿಂದ ನಮ್ಮ ಆಟಕ್ಕೆ ಬೇರೆ ನೀರುಗಳನ್ನು ಹುಡುಕಿಕೊಳ್ಳುವದು ಒಳ್ಳೇದು.

ಈಗ ಬರಿಗೈಯ ಮಾತಿಗೆ ಬರುತ್ತೇವೆ. ಸಿಕ್ಕದ ದಿವಸ ಬೇಸರವಾಗುವದು ಸಹಜ, ಅದರಲ್ಲಿ ತಪ್ಪಿಲ್ಲ. ಆದರೆ ಆ ಬೇಸರವು ಮನುಷ್ಯನನ್ನು ಎಲ್ಲಿಗೆ ಕರಕೊಂಡು ಹೋಗುತ್ತದೆಂದು ನೋಡಿರಿ. ಸಾಯಂಕಾಲದ ವರೆಗೂ ಕೂತು ಏನೂ ದೊರಕದವನು ಒಂದು ದಿವಸ ಹೀಗೆ ಎಣಿಸುತ್ತಾನೆ: “ಗಾಳದಿಂದ ಆಗುವದಿಲ್ಲ, ಮೀನಂತೂ ಇದೆ, ಅದನ್ನು ತೆಗೆಯಲಿಕ್ಕೆ ಬೇರೆ ಉಪಾಯ ಬೇಕು.” ಆಗ ಒಬ್ಬನು ಪಂಪಿನ ತಂತಿಯಿಂದ ನೀರಿಗೆ ಕರೆಂಟು ಬಿಡುತ್ತಾನೆ. ಇನ್ನೊಬ್ಬನು ಬೆಳೆಗೆ ಹೊಡೆಯುವ ವಿಷವನ್ನು ಮಡುವಿಗೆ ಸುರಿಯುತ್ತಾನೆ. ಮತ್ತೊಬ್ಬನು ಕಲ್ಲು ಒಡೆಯುವ ಮದ್ದನ್ನು ತಂದು ನೀರಿನಲ್ಲಿ ಸಿಡಿಸುತ್ತಾನೆ. ಒಂದು ಗಳಿಗೆಯಲ್ಲಿ ದೊಡ್ಡವೂ ಮರಿಗಳೂ ಕಪ್ಪೆಗಳೂ ಹೊಟ್ಟೆ ಮೇಲಾಗಿ ತೇಲುತ್ತವೆ. ಅವನು ಒಂದು ಬುಟ್ಟಿಯನ್ನು ತುಂಬಿಕೊಂಡು ಉಳಿದದ್ದನ್ನು ಕೊಳೆಯಲಿಕ್ಕೆ ಬಿಟ್ಟು ಹೋಗುತ್ತಾನೆ. ಆ ಕರೆಂಟಿನಿಂದ ಹಿಡಿಯುವವನೇ ಸಾಯುವದುಂಟು. ಆ ಮದ್ದಿನಿಂದ ಕೈ ಕಳಕೊಳ್ಳುವದುಂಟು. ಆ ವಿಷದ ನೀರನ್ನು ದನಗಳು ಕುಡಿಯುತ್ತವೆ. ಮದ್ದು ಸಿಡಿಸಿ ಅಥವಾ ವಿಷ ಹಾಕಿ ಮೀನು ಹಿಡಿಯುವದು ಅಪರಾಧವೆಂದು 1897ರ ಮೀನುಗಾರಿಕೆಯ ಕಾಯಿದೆಯೇ ಸಾರಿತ್ತು. ಇಷ್ಟು ಹಳೇ ಕಾನೂನು ಇದ್ದರೂ ಈ ಕೆಲಸವು ನಿಲ್ಲದೆ ಇರುವದಕ್ಕೆ ಕಾರಣವೇನು? ಕೆಲವರಿಗೆ ಹಸಿವೋ ಹಣವೋ ಕಾರಣವಾಗಿರಬಹುದು. ಆದರೆ ವಿನೋದಕ್ಕೆ ಹೋದವನಿಗೆ ಆ ನೆಪವೂ ಇಲ್ಲ. ಬರಿಗೈಯನ್ನು ತಾಳಲಾರದ ಮನಸ್ಸು, ಇದೊಂದೇ ಅವನಿಗಿರುವ ಕಾರಣ. ಆದಕಾರಣವೇ ನಾವು ಈ ಚಿಕ್ಕ ಬೇಸರವನ್ನು ದೊಡ್ಡ ವಿಷಯವೆಂದು ಹೇಳಿದ್ದು.

ಇದೇ ಅವಸರವು ಮಳೆಗಾಲದ ಆರಂಭದಲ್ಲಿ ಇನ್ನೊಂದು ರೂಪವನ್ನು ತಾಳುತ್ತದೆ. ಹೊಸ ನೀರು ಹರಿದು ಬಂದಾಗ ಹಳ್ಳದ ಮೀನುಗಳು ಮೊಟ್ಟೆಯಿಡಲಿಕ್ಕೆ ಹರಿವಿಗೆ ಎದುರಾಗಿ ಮೇಲಕ್ಕೆ ಏರುತ್ತವೆ. ಆಗ ಅವು ಆಳವಿಲ್ಲದ ನೀರಿನಲ್ಲಿ ಕೈಗೇ ಸಿಕ್ಕುವಷ್ಟು ಸುಲಭವಾಗಿರುತ್ತವೆ. ವರುಷವೆಲ್ಲಾ ಏನೂ ಸಿಕ್ಕದವನಿಗೆ ಇದು ದೊಡ್ಡ ಶೋಧನೆ. ಆದರೆ ತತ್ತಿ ತುಂಬಿದ ಒಂದು ಮೀನನ್ನು ಹಿಡಿಯುವವನು ಸಾವಿರಾರು ಮೀನುಗಳನ್ನು ಹಿಡಿದಂತೆಯೇ. ಗೂಡಿನಲ್ಲಿ ಮರಿಗಳ ಮೇಲೆ ಕೂತಿರುವ ತಾಯಿಹಕ್ಕಿಯನ್ನು ಹಿಡಿಯಕೂಡದು, ಅದನ್ನು ಹೋಗಬಿಡಬೇಕೆಂದು ಪುರಾತನ ಧರ್ಮಶಾಸ್ತ್ರದಲ್ಲಿ ಇಸ್ರಾಯೇಲ್ಯರಿಗೆ ಕೊಟ್ಟ ಅಪ್ಪಣೆಯನ್ನು ನಮ್ಮ ಓದುಗರು ನೆನಪುಮಾಡಿಕೊಳ್ಳಲಿ. ಹಕ್ಕಿಯ ಗೂಡಿಗೆ ಸಲ್ಲುವ ಕರುಣೆಯು ಹಳ್ಳದ ಮೀನಿಗೂ ಸಲ್ಲುತ್ತದೆ. ಆ ತಿಂಗಳುಗಳಲ್ಲಿ ಕೋಲನ್ನು ಅಟ್ಟದ ಮೇಲೆ ಇಟ್ಟಿರುವವನು ಮುಂದಿನ ವರುಷದ ತನ್ನ ಸಂತೋಷವನ್ನೇ ಕಾಯುತ್ತಾನೆ.

ಇನ್ನು ಬರಿಗೈಯಲ್ಲಿ ಬರುವವನಿಗೆ ಲಾಭವೇನೂ ಇಲ್ಲವೋ? ಉಂಟು. ರೈತನು ಬಿತ್ತನೆ ಮಾಡಿ ಮಳೆಗೆ ಕಾಯುವದು, ತಾಯಿಯು ರೋಗದಲ್ಲಿರುವ ಕೂಸಿನ ಹತ್ತಿರ ಎಚ್ಚರವಾಗಿರುವದು, ಇವು ಬಹು ಭಾರವಾದ ಕಾಯುವಿಕೆಗಳು. ಅಂಥ ದಿವಸ ಬಂದಾಗ ತಾಳ್ಮೆಯನ್ನು ಹೊಸದಾಗಿ ಕಲಿಯಲಿಕ್ಕೆ ಸಮಯವಿರುವದಿಲ್ಲ. ಕೂಡ್ಲಿಗಿಯ ಸೀಮೆಯಲ್ಲಿ ಹುಟ್ಟಿದವನು ಎಂದಾದರೊಂದು ದಿನ ಮೋಡವನ್ನು ನೋಡುತ್ತಾ ಕೂತಿರಬೇಕಾಗುವದು ಖಂಡಿತ. ಏನೂ ಕೆಡದ ಸ್ಥಳದಲ್ಲಿ, ಒಂದು ಬೆಂಡಿನ ಎದುರಿನಲ್ಲಿ, ಮಗುವು ಕಾಯುವದನ್ನೂ ಕಾದು ನಿರಾಶೆಯಾಗುವದನ್ನೂ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸಮಾಡಿಕೊಳ್ಳುವದು ಒಳ್ಳೇದಲ್ಲವೋ? ಆದರೆ ಈ ಪಾಠವನ್ನು ಕಲಿಸುವವನು ತಂದೆ. ಮನೆಯ ದಾರಿಯಲ್ಲಿ ಅವನು ಗೊಣಗುತ್ತಾ, ಮಕ್ಕಳನ್ನು ಗದರಿಸುತ್ತಾ, ಸ್ನೇಹಿತನನ್ನು ದೂರುತ್ತಾ ನಡೆದರೆ, ಸಿಕ್ಕದ ದಿವಸವು ಹಾಳಾದ ದಿವಸವೆಂದು ಮಕ್ಕಳು ಕಲಿಯುತ್ತಾರೆ. ಅವನು ನಗುತ್ತಾ, “ಇವತ್ತು ಮೀನುಗಳೇ ಗೆದ್ದವು, ನಡೆಯಿರಿ, ಅವ್ವನ ಸಾರು ಆರಿಹೋಗುತ್ತದೆ” ಎಂದರೆ ಬೇರೊಂದನ್ನು ಕಲಿಯುತ್ತಾರೆ. ಅವರು ದೊಡ್ಡವರಾಗಿ, ಬೆಳೆ ಹೋದ ವರುಷದಲ್ಲಿ ಹೆಂಡತಿ ಮಕ್ಕಳ ಮುಂದೆ ಯಾವ ಮುಖವನ್ನು ತೋರಿಸುವರೋ ಅದು ಈ ದಾರಿಯಲ್ಲಿ ಕಂಡ ಮುಖವೇ ಆಗಿದ್ದರೂ ಆಗಿರಬಹುದು.

ಆದಕಾರಣ ಸಹೋದರರೇ, ಈ ಸಾರಿ ಕೆರೆ ತುಂಬಿದರೆ ಹೋಗಿರಿ. ಮಕ್ಕಳನ್ನೂ ಮುದುಕರನ್ನೂ ಕರಕೊಂಡು ಹೋಗಿರಿ. ಕೆರೆಯವರನ್ನು ಕೇಳಿಕೊಳ್ಳಿರಿ. ಹೂಳು ತೆಗೆದ ಕುಣಿಗಳು ನೀರಿನೊಳಗೆ ಕಾಣುವದಿಲ್ಲವಾದ್ದರಿಂದ ಮಕ್ಕಳನ್ನು ನೀರಿಗೆ ಇಳಿಯಗೊಡಬೇಡಿರಿ. ಹರಿದ ದಾರವನ್ನೂ ಗಾಳವನ್ನೂ ದಡದಲ್ಲಿ ಬಿಟ್ಟು ಬರಬೇಡಿರಿ. ಅವು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತವೆ, ದನ ಕಾಯುವ ಹುಡುಗರ ಅಂಗಾಲಿಗೆ ಚುಚ್ಚುತ್ತವೆ. ಸಾರಿಗೆ ಸಾಕಾಗುವಷ್ಟು ಸಿಕ್ಕಿದರೆ ಕೋಲನ್ನು ಎತ್ತಿರಿ. ಹೆಚ್ಚು ಸಿಕ್ಕಿದರೆ ನೆರೆಮನೆಯ ವಿಧವೆಯ ಪಾತ್ರೆಗೆ ಒಂದನ್ನು ಹಾಕಿರಿ. ಏನೂ ಸಿಕ್ಕದೆ ಹೋದರೆ ಕಟ್ಟಿಕೊಂಡು ಹೋದ ರೊಟ್ಟಿಯನ್ನು ದಡದಲ್ಲಿಯೇ ಹಂಚಿಕೊಂಡು ತಿಂದು, ಭಾವನ ಮೀನಿನ ಕಥೆಯನ್ನು ನಾಲ್ಕನೇ ಸಾರಿ ಕೇಳಿ, ಕತ್ತಲಾಗುವ ಮುಂಚೆ ಮನೆಗೆ ಬನ್ನಿರಿ.